ಮೊದಲ ಸಲ ಆಪ್‌ನಿಂದ, ಎರಡನೇ ಸಲ ನೇರ ಫೋನಿನಿಂದ: ಮೈಸೂರಿನ ಸಣ್ಣ ಲಾಡ್ಜ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಮೈಸೂರಿನಲ್ಲಿ ದಸರಾ ಬಂದರೆ ಎಲ್ಲ ಲಾಡ್ಜ್‌ಗಳೂ ತುಂಬುತ್ತವೆ. ಡಿಸೆಂಬರ್ ಕೊನೆಯ ವಾರ, ಬೇಸಿಗೆ ರಜೆ, ಮದುವೆ ಮುಹೂರ್ತದ ದಿನಗಳಲ್ಲೂ ತೊಂದರೆ ಇಲ್ಲ. ಕಷ್ಟ ಇರುವುದು ಉಳಿದ ದಿನಗಳಲ್ಲಿ. ಮಂಗಳವಾರ, ಬುಧವಾರ ಅರ್ಧ ರೂಮ್ ಖಾಲಿ. ಆಗ ಮಾಲೀಕರು ಬುಕಿಂಗ್ ಆಪ್ ತೆರೆದು ರೇಟ್ ಇಳಿಸುತ್ತಾರೆ. ಪಕ್ಕದ ಲಾಡ್ಜಿನವರೂ ಇಳಿಸುತ್ತಾರೆ. ರೂಮ್ ಹೋಗುತ್ತದೆ, ಕೈಗೆ ಏನೂ ಉಳಿಯುವುದಿಲ್ಲ.

15ರಿಂದ 40 ರೂಮ್ ಇರುವ ಲಾಡ್ಜ್ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಗುರುತಿಲ್ಲದ ಅತಿಥಿಯನ್ನು ಮೊದಲ ಸಲ ಆಪ್ ಕರೆತರಲಿ, ಅದರಲ್ಲಿ ತಪ್ಪಿಲ್ಲ. ಆದರೆ ಎರಡನೇ ಸಲ ಅವರು ಆಪ್ ತೆರೆಯದೆ ನಿಮ್ಮ ನಂಬರಿಗೆ ಫೋನ್ ಮಾಡಬೇಕು. ಮುಂದಿನ ಎಲ್ಲ ಹಂತಗಳೂ ಅದಕ್ಕಾಗಿಯೇ ಇವೆ.

ಹಂತ 1: ನಿಮ್ಮಲ್ಲಿಗೆ ಯಾರು ಬರುತ್ತಾರೆ, ನೋಡಿ

ಹೋದ ವರ್ಷದ ರಿಜಿಸ್ಟರ್ ತೆಗೆಯಿರಿ. ಯಾವ ಊರು, ಎಷ್ಟು ಜನ, ಯಾವ ವಾರ, ಎಷ್ಟು ರಾತ್ರಿ ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ ಅಷ್ಟೇ.

ಮೈಸೂರಿಗೆ ಬರುವವರೆಲ್ಲ ಅರಮನೆ ನೋಡೋಕೆ ಬರುವವರಲ್ಲ. ಓಣಂ ರಜೆಗೆ ಕೇರಳದ ಕುಟುಂಬಗಳು ಬರುತ್ತವೆ. ನವೆಂಬರ್‌ನಿಂದ ಜನವರಿವರೆಗೆ ಶಬರಿಮಲೆಗೆ ಹೋಗುವ ಮಾಲಾಧಾರಿಗಳು ಹಾದುಹೋಗುತ್ತಾರೆ. ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ತರಬೇತಿಗೆ ಇರುವ ಮಕ್ಕಳನ್ನು ನೋಡಲು ಅಪ್ಪ ಅಮ್ಮ ಬರುತ್ತಾರೆ. ಗೋಕುಲಂ ಕಡೆ ಯೋಗ ಕಲಿಯಲು ಬಂದ ವಿದೇಶಿಯರು ತಿಂಗಳುಗಟ್ಟಲೆ ಇರುತ್ತಾರೆ. ಇವರೊಬ್ಬೊಬ್ಬರಿಗೂ ಬೇಕಾದ್ದು ಬೇರೆ ಬೇರೆ.

ಒಂದು ಗುಂಪನ್ನು ಮಾತ್ರ ಸ್ವಲ್ಪ ವಿವರವಾಗಿ ನೋಡೋಣ. ಬಂಡೀಪುರದ ಮೂಲಕ ಊಟಿ ಮತ್ತು ವಯನಾಡಿಗೆ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಶುಕ್ರವಾರ ಸಂಜೆ ಕೆಲಸ ಮುಗಿಸಿ ಬೆಂಗಳೂರು ಬಿಟ್ಟ ಕುಟುಂಬ ಆ ಹೊತ್ತಿಗೆ ಚೆಕ್‌ಪೋಸ್ಟ್ ದಾಟೋಕೆ ಆಗಲ್ಲ. ಹಾಗಾಗಿ ರಾತ್ರಿ ಮೈಸೂರಿನಲ್ಲಿ ತಂಗಿ, ಬೆಳಗಿನ ಜಾವ ನಾಲ್ಕೂವರೆಗೆ ಹೊರಡುತ್ತದೆ. ಇವರಿಗೆ ನಿಮ್ಮ ಕಾಂಪ್ಲಿಮೆಂಟರಿ ಬ್ರೇಕ್‌ಫಾಸ್ಟ್ ಸಿಗುವುದೇ ಇಲ್ಲ. ಬೇಕಾದ್ದು ರಾತ್ರಿ 11ಕ್ಕೂ ತೆರೆದಿರುವ ರಿಸೆಪ್ಷನ್, ನಾಲ್ಕು ಗಂಟೆಗೆ ಬಿಸಿನೀರು, ಫ್ಲಾಸ್ಕ್‌ನಲ್ಲಿ ಕಾಫಿ, ಕಟ್ಟಿಕೊಟ್ಟ ಇಡ್ಲಿ. ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಎಷ್ಟೋ ಜನರಿಗೆ ಅದು ಗೊತ್ತಿರುವುದಿಲ್ಲ. ಚೆಕ್-ಇನ್ ಸಮಯದಲ್ಲೇ "ಸಾರ್, ಊಟಿಗಾ? ಇ-ಪಾಸ್ ಮಾಡಿಸಿದ್ದೀರಾ?" ಅಂತ ಕೇಳಿ, ಇಲ್ಲದಿದ್ದರೆ ಅಲ್ಲೇ ಮಾಡಿಕೊಡಿ. ಖರ್ಚು ಸೊನ್ನೆ. ಊಟಿಯಿಂದ ವಾಪಸ್ ಬರುವಾಗಲೂ ಅವರು ನಿಮ್ಮಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ.

ನಿಮ್ಮ ರಿಜಿಸ್ಟರಿನಲ್ಲಿ ಹೆಚ್ಚು ಕಾಣುವ ಎರಡು ಗುಂಪುಗಳನ್ನು ಆರಿಸಿ. ಮೊದಲ ವರ್ಷ ಅವರಿಗಾಗಿಯೇ ಲಾಡ್ಜನ್ನು ಸರಿಪಡಿಸಿ.

ಹಂತ 2: ಒಂದು ಬುಕಿಂಗ್‌ನಲ್ಲಿ ಕೈಗೆ ಎಷ್ಟು ಬರುತ್ತದೆ, ಲೆಕ್ಕ ಹಾಕಿ

ರೂಮಿನ ಬಾಡಿಗೆ 2,000 ರೂಪಾಯಿ ಅಂದುಕೊಳ್ಳಿ. ಆಪ್ ಕಮಿಷನ್ ಒಪ್ಪಂದದ ಮೇಲೆ ಹೋಗುತ್ತದೆ, ಶೇ 15ರಿಂದ 25 ಸಾಮಾನ್ಯ. ಶೇ 20 ಹಿಡಿದರೆ 400 ರೂಪಾಯಿ. ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ, ಅಂದರೆ 72. ಒಟ್ಟು 472 ಹೋಯಿತು, ಉಳಿದದ್ದು 1,528. ಟಿಡಿಎಸ್, ಟಿಸಿಎಸ್ (ಆಪ್‌ನವರು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿತ ಬೇರೆ, ಅದು ಆಮೇಲೆ ಲೆಕ್ಕಕ್ಕೆ ಸಿಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮ್‌ಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅತಿಥಿಗೆ ಇದು ಒಳ್ಳೆಯದು. ಆದರೆ ಈ ದರದಲ್ಲಿ ನಿಮಗೆ ಇನ್‌ಪುಟ್ ಕ್ರೆಡಿಟ್, ಅಂದರೆ ನೀವು ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆಯುವ ಅವಕಾಶ, ಸಿಗುವುದಿಲ್ಲ. ಕಮಿಷನ್ ಮೇಲಿನ ಆ 72 ರೂಪಾಯಿ ವಾಪಸ್ ಬರಲ್ಲ. ಎಸಿ, ಹಾಸಿಗೆ, ಬಣ್ಣಕ್ಕೆ ಕಟ್ಟಿದ ತೆರಿಗೆಯೂ ಅಷ್ಟೇ. ಹಾಗಾಗಿ ಕಮಿಷನ್ ಈಗ ಮೊದಲಿಗಿಂತ ಭಾರ.

ಅದೇ ಅತಿಥಿ ಎರಡನೇ ಸಲ ನೇರವಾಗಿ ಬಂದರು, ನೀವು 1,800ಕ್ಕೆ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಅವರಿಗೆ 200 ಉಳಿಯಿತು, ನಿಮಗೆ 272 ಜಾಸ್ತಿ ಸಿಕ್ಕಿತು. ಈ ಲೆಕ್ಕವನ್ನು ರಿಸೆಪ್ಷನ್‌ನಲ್ಲಿ ಕೂರುವ ಹುಡುಗರಿಗೂ ಹೇಳಿಕೊಡಿ. ಅವರಿಗೆ ಅರ್ಥವಾದರೆ ಫೋನ್ ಎತ್ತುವ ರೀತಿಯೇ ಬದಲಾಗುತ್ತದೆ.

ಹಾಗಂತ ಆಪ್ ಬಿಟ್ಟುಬಿಡಬೇಡಿ. ಜಾಹೀರಾತಿಗೆ ಖರ್ಚು ಮಾಡಿದ ಹಾಗೆ ಮೊದಲ ಸಲದ ಕಮಿಷನ್ ಕೊಡಿ. ಒಬ್ಬರೇ ಅತಿಥಿಗೆ ಅದನ್ನು ಮೂರು, ನಾಲ್ಕನೇ ಸಲವೂ ಕೊಡುತ್ತಿದ್ದರೆ ಅದು ಸುಮ್ನೆ ಸೋರಿಕೆ.

ಹಂತ 3: ರೂಮಿನ ಮೂಲ ವಿಷಯ ಸರಿಯಾಗದೆ ಬೇರೆ ಯಾವುದಕ್ಕೂ ಕೈಹಾಕಬೇಡಿ

ಲಾಬಿಗೆ ಹೊಸ ಸೋಫಾ, ಗೋಡೆಗೆ ಎಲ್‌ಇಡಿ ಪಟ್ಟಿ, ಸೆಲ್ಫಿ ಪಾಯಿಂಟ್ ಅಂತ ದುಡ್ಡು ಸುರಿಯುವ ಮುಂಚೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ.

ನಮ್ಮ ಕಡೆ ಲಾಡ್ಜ್‌ಗಳ ಮೇಲೆ ಬರುವ ದೂರುಗಳಲ್ಲಿ ಬಿಸಿನೀರಿನದ್ದು ದೊಡ್ಡ ಪಾಲು. "ಬಿಸಿನೀರು ಬೆಳಿಗ್ಗೆ 6ರಿಂದ 9ರವರೆಗೆ ಮಾತ್ರ" ಎಂಬ ಬೋರ್ಡ್ ಇನ್ನೂ ಎಷ್ಟೋ ಕಡೆ ಇದೆ. ರಾತ್ರಿ ಮಕ್ಕಳ ಜೊತೆ ಪ್ರಯಾಣ ಮಾಡಿ ದಣಿದು ಬಂದವರಿಗೆ ಆ ಬೋರ್ಡ್ ನೋಡಿದ ಕೂಡಲೇ ಬೇಸರ. ಸೋಲಾರ್ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಅದೊಂದನ್ನೇ ನಂಬೋಕೆ ಆಗಲ್ಲ. ಟ್ಯಾಂಕಿನಿಂದ ದೂರದ ರೂಮ್‌ಗಳಿಗೆ ಬಿಸಿನೀರು ತಲುಪುವಷ್ಟರಲ್ಲಿ ಎರಡು ಬಕೆಟ್ ತಣ್ಣೀರು ಚರಂಡಿಗೆ ಹೋಗಿರುತ್ತದೆ. ಅಂಥ ರೂಮ್‌ಗಳಿಗೆ ಚಿಕ್ಕ ಗೀಸರ್ ಹಾಕಿಸಿ. ಪ್ರತಿ ರೂಮಿನಲ್ಲೂ ನಲ್ಲಿ ಬಿಟ್ಟು ಎಷ್ಟು ಹೊತ್ತಿಗೆ ಬಿಸಿ ಬರುತ್ತದೆ ಅಂತ ಗಡಿಯಾರ ನೋಡಿ ಬರೆದುಕೊಳ್ಳಿ. ಆ ಪಟ್ಟಿ ನೋಡಿದರೆ ಯಾವ ರೂಮ್ ಮೊದಲು ರಿಪೇರಿ ಆಗಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಎರಡನೆಯದು ಹಾಸಿಗೆ. ಬಿಳಿ ಬೆಡ್‌ಶೀಟ್ ಬಳಸಿ. ಕೊಳೆ ಕಾಣುತ್ತದೆ ಅಂತ ಬಣ್ಣದ್ದು ಹಾಕುವವರಿದ್ದಾರೆ, ಆದರೆ ಕೊಳೆ ಕಾಣಬೇಕು, ಆಗಲೇ ಬದಲಾಯಿಸುತ್ತೇವೆ. ಪ್ರತಿ ಮಂಚಕ್ಕೆ ಮೂರು ಜೊತೆ ಇರಲಿ: ಒಂದು ಮಂಚದ ಮೇಲೆ, ಒಂದು ಲಾಂಡ್ರಿಯಲ್ಲಿ, ಒಂದು ಬೀರುವಿನಲ್ಲಿ. ಎರಡೇ ಜೊತೆ ಇದ್ದರೆ ಮಳೆಗಾಲದಲ್ಲಿ ಒದ್ದೆ ವಾಸನೆಯ ಶೀಟ್ ಹಾಸಬೇಕಾಗುತ್ತದೆ. ದಿಂಬು ಹಳೆಯದಾದರೆ ಕವರ್ ಎಷ್ಟು ಬೆಳ್ಳಗಿದ್ದರೂ ಪ್ರಯೋಜನವಿಲ್ಲ, ಬಿಸಾಡಿ. ಹಾಸಿಗೆಯ ಹೊಲಿಗೆ ಸಂದುಗಳಲ್ಲಿ ತಿಗಣೆ ಇದೆಯಾ ಅಂತ ಟಾರ್ಚ್ ಹಿಡಿದು ನೋಡುವುದು ಪ್ರತಿ ವಾರದ ಕೆಲಸ ಆಗಬೇಕು.

ಮೂರನೆಯದು ವೈ-ಫೈ. ರಿಸೆಪ್ಷನ್‌ನಲ್ಲಿ ಚೆನ್ನಾಗಿ ಬಂದರೆ ಸಾಲದು. ಕೊನೆಯ ಮಹಡಿಯ ಮೂಲೆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ವಿಡಿಯೊ ಕಾಲ್ ಮಾಡಿ ನೋಡಿ. ಮಂಚದ ಪಕ್ಕದಲ್ಲಿ ಚಾರ್ಜಿಂಗ್ ಪಾಯಿಂಟ್ ಇಲ್ಲದಿದ್ದರೆ ಈ ವಾರವೇ ಹಾಕಿಸಿ.

ಸದ್ದು, ಬಾಗಿಲ ಚಿಲಕ, ಸೊಳ್ಳೆ ಪರದೆ, ಬಾತ್‌ರೂಮ್ ಎಕ್ಸಾಸ್ಟ್ ಫ್ಯಾನ್. ಇವನ್ನೂ ಒಂದು ಸುತ್ತು ನೋಡಿ. ಒಂದು ಸಲಹೆ: ತಿಂಗಳಿಗೊಂದು ರಾತ್ರಿ ಮಾಲೀಕರೇ ಬೇರೆ ಬೇರೆ ರೂಮಿನಲ್ಲಿ ಮಲಗಿ. ಜನರೇಟರ್ ಶಬ್ದ ಯಾವ ರೂಮಿಗೆ ಬಡಿಯುತ್ತದೆ ಅನ್ನುವುದು ಹಗಲು ಹೊತ್ತು ಗೊತ್ತಾಗುವುದಿಲ್ಲ.

ಹಂತ 4: ಗೂಗಲ್‌ನಲ್ಲಿ ಸರಿಯಾಗಿ ಕಾಣಿಸಿ

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಅದನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ, ಯಾವುದೋ ಏಜೆಂಟಿನ ಇಮೇಲ್‌ನಲ್ಲಿ ಇರಬಾರದು. ಮ್ಯಾಪ್‌ನಲ್ಲಿ ಪಿನ್ ನಿಮ್ಮ ಗೇಟಿನ ಮೇಲೇ ಇದೆಯಾ ನೋಡಿ. ಒನ್ ವೇ ರಸ್ತೆಗಳಲ್ಲಿ ಪಿನ್ ಸ್ವಲ್ಪ ಆಚೀಚೆ ಇದ್ದರೂ ಕಾರಿನವರು ಸುತ್ತಿ ಸುತ್ತಿ ಸಾಕಾಗಿ ಬರುತ್ತಾರೆ.

ಫೋಟೋ ತೆಗೆಯುವಾಗ ಕಿಟಕಿ ತೆರೆದು, ಬೆಳಗಿನ ಬೆಳಕಲ್ಲಿ ತೆಗೆಯಿರಿ. ರೂಮಿನ ಜೊತೆಗೆ ಬಾತ್‌ರೂಮ್, ಪಾರ್ಕಿಂಗ್, ಲಿಫ್ಟ್, ರಸ್ತೆಯಿಂದ ಕಾಣುವ ಕಟ್ಟಡ, ಇಷ್ಟರ ಫೋಟೋ ಖಂಡಿತ ಇರಲಿ. ವಯಸ್ಸಾದವರನ್ನು ಕರೆತರುವವರು ಮೊದಲು ಹುಡುಕುವುದು ಲಿಫ್ಟ್ ಮತ್ತು ವೆಸ್ಟರ್ನ್ ಟಾಯ್ಲೆಟ್. ರೂಮ್ ಚಿಕ್ಕದಿದ್ದರೆ ಚಿಕ್ಕದಾಗಿಯೇ ಕಾಣಲಿ. ಅಗಲವಾಗಿ ಕಾಣಿಸುವ ಲೆನ್ಸ್‌ನಿಂದ ತೆಗೆದ ಫೋಟೋ ಒಂದು ಬುಕಿಂಗ್ ತರುತ್ತದೆ, ಒಂದು ಸ್ಟಾರ್ ರಿವ್ಯೂವನ್ನೂ ತರುತ್ತದೆ.

ಈಗ ಜನ ಊರಿನ ಹೆಸರು ಹಾಕಿ ಹುಡುಕುವುದಷ್ಟೇ ಅಲ್ಲ, ಎಐ ಸಹಾಯಕಗಳಿಗೆ ಇಡೀ ಪ್ರಶ್ನೆ ಕೇಳುತ್ತಾರೆ: ರೈಲ್ವೆ ಸ್ಟೇಷನ್ ಹತ್ತಿರ, ಲಿಫ್ಟ್ ಇರುವ, ಸಸ್ಯಾಹಾರ ಸಿಗುವ ಲಾಡ್ಜ್ ಯಾವುದು ಅಂತ. ಆದ್ದರಿಂದ ಈ ವಿವರಗಳನ್ನು ಎಲ್ಲ ಕಡೆ ಒಂದೇ ರೀತಿ ಬರೆದಿಡಿ. ರೇಟ್ ಹೇಳುವಾಗ ತೆರಿಗೆ ಸೇರಿಸಿಯೇ ಹೇಳಿ. ಮತ್ತೆ ಫೋನ್! ಮೂರು ರಿಂಗ್ ಒಳಗೆ ಎತ್ತದ ಫೋನ್ ಅಂದರೆ ಆಪ್‌ಗೆ ಹೋದ ಬುಕಿಂಗ್. ವಾಟ್ಸ್‌ಆಪ್ ಬಿಸಿನೆಸ್‌ನಲ್ಲಿ ರೂಮ್ ಫೋಟೋ, ರೇಟ್, ಲೊಕೇಶನ್ ಸಿದ್ಧ ಉತ್ತರವಾಗಿ ಇಟ್ಟುಕೊಂಡರೆ ಕೇಳಿದ ಕೂಡಲೇ ಕಳಿಸಬಹುದು.

ಹಂತ 5: ಮೊದಲ ಅರ್ಧ ಗಂಟೆ

ಬಂದವರನ್ನು ಮೊದಲು ಕೂರಿಸಿ, ನೀರು ಕೊಡಿ. ಆಮೇಲೆ ಐಡಿ ಕೇಳಿ. ಆಧಾರ್ ಕೊಟ್ಟರೆ ಮಾಸ್ಕ್ ಮಾಡಿದ (ಮೊದಲ ಎಂಟು ಅಂಕಿ ಮರೆಮಾಡಿದ) ಪ್ರತಿ ಸಾಕು ಅಂತ ನೀವೇ ಹೇಳಿ. ಜೆರಾಕ್ಸ್‌ಗಳು ಟೇಬಲ್ ಮೇಲೆ ಹರಡಿಕೊಂಡಿದ್ದರೆ ನೋಡಿದವರಿಗೆ ಭಯವಾಗುತ್ತದೆ, ಬೀಗ ಹಾಕುವ ಡ್ರಾಯರ್‌ನಲ್ಲಿ ಇಡಿ. ವಿದೇಶಿಯರು ಬಂದರೆ ಅವರ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಲಸೆ ಅಧಿಕಾರಿಗಳಿಗೆ ಸಲ್ಲಿಸಬೇಕು, ಇದರಲ್ಲಿ ಸಡಿಲಿಕೆ ಬೇಡ.

ಅತಿಥಿ ರೂಮಿಗೆ ಹೋದ ಇಪ್ಪತ್ತು ನಿಮಿಷದ ಮೇಲೆ ಒಂದು ಫೋನ್ ಮಾಡಿ. "ಮೇಡಂ, ಎಸಿ ಕೆಲಸ ಮಾಡ್ತಿದೆಯಾ? ಬಿಸಿನೀರು ಬರ್ತಿದೆಯಾ?" ಇಷ್ಟೇ. ನನ್ನ ಪ್ರಕಾರ ಇಡೀ ಮಾರ್ಗದರ್ಶಿಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಕೆಲಸ ಇದು. ದೂರು ನಿಮ್ಮ ಕಿವಿಗೆ ಬಂದರೆ ರಿಪೇರಿ ಆಗುತ್ತದೆ. ನಿಮ್ಮ ಕಿವಿಗೆ ಬರದಿದ್ದರೆ ಗೂಗಲ್‌ಗೆ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ ವಾದ ಮಾಡದೆ ರೂಮ್ ಬದಲಾಯಿಸಿ ಕೊಡಿ.

ಹಂತ 6: ರಾತ್ರಿ ಉಳಿಯಲು ಒಂದು ಕಾರಣ ಕೊಡಿ

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಬೆಳಿಗ್ಗೆ ಬಂದು ರಾತ್ರಿ ವಾಪಸ್ ಹೋಗುವುದು ತುಂಬ ಸುಲಭವಾಗಿದೆ. ನೋಡುವ ಜಾಗಗಳ ಪಟ್ಟಿ ಕೊಟ್ಟರೆ ಅವರು ಒಂದೇ ದಿನದಲ್ಲಿ ಮುಗಿಸಿ ಹೊರಡುತ್ತಾರೆ. ರಾತ್ರಿಗೂ ಬೆಳಗಿನ ಜಾವಕ್ಕೂ ಸೇರಿದ ಕಾರಣ ಬೇಕು.

ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಇರುತ್ತದೆ. ಭಾನುವಾರ ರಾತ್ರಿಯೇ ಲಾಡ್ಜ್‌ಗಳು ಖಾಲಿ, ಅಲ್ವಾ? ಹಾಗಾದರೆ ಭಾನುವಾರ ಮಧ್ಯಾಹ್ನ ಚೆಕ್-ಇನ್, ಸಂಜೆ ದೀಪ ನೋಡುವುದು, ಸೋಮವಾರ ಬೆಳಿಗ್ಗೆ ಬೇಗ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವುದು ಅಂತ ಒಂದು ಪ್ಯಾಕೇಜ್ ಮಾಡಿ, ಶನಿವಾರಕ್ಕಿಂತ ಕಡಿಮೆ ರೇಟ್‌ಗೆ ಕೊಡಿ. ಶನಿವಾರ ಬಂದವರಿಗೆ ಎರಡನೇ ರಾತ್ರಿಗೆ ಇದೇ ರೇಟ್ ಕೊಡಿ. ದೇವರಾಜ ಮಾರುಕಟ್ಟೆಯಲ್ಲಿ ಹೂವು, ಕುಂಕುಮದ ಅಂಗಡಿಗಳ ನಡುವೆ ಬೆಳಿಗ್ಗೆ ನಡೆಯುವುದು, ರಂಗನತಿಟ್ಟಿನಲ್ಲಿ ಬಿಸಿಲೇರುವ ಮುಂಚೆ ಹಕ್ಕಿ ನೋಡುವುದು, ಇವೂ ಒಂದೇ ದಿನಕ್ಕೆ ಬಂದು ಹೋಗುವವರಿಗೆ ಸಿಗುವುದಿಲ್ಲ.

ಇದನ್ನೆಲ್ಲ ಒಂದೇ ಹಾಳೆಯಲ್ಲಿ ಕನ್ನಡ, ಇಂಗ್ಲಿಷ್, ಸಾಧ್ಯವಾದರೆ ಮಲಯಾಳಂನಲ್ಲೂ ಅಚ್ಚು ಹಾಕಿಸಿ ರೂಮಿನಲ್ಲಿಡಿ. ಮೃಗಾಲಯಕ್ಕೆ ಮಂಗಳವಾರ ರಜೆ ಎಂಬ ಒಂದು ಸಾಲು ಎಷ್ಟು ಮಕ್ಕಳ ನಿರಾಸೆ ತಪ್ಪಿಸುತ್ತದೆ! ಅಡುಗೆಮನೆ ಇಲ್ಲದಿದ್ದರೆ ಕೀಳರಿಮೆ ಬೇಡ. ಹತ್ತಿರದ ಒಳ್ಳೆಯ ದರ್ಶಿನಿ ಯಾವುದು, ನಜರ್‌ಬಾದ್‌ನ ಮೈಲಾರಿ ದೋಸೆಗೆ ಹೇಗೆ ಹೋಗಬೇಕು ಅಂತ ಬರೆಯಿರಿ. ಅಡುಗೆಮನೆ ಇದ್ದರೆ ಹತ್ತು ಬಗೆಯ ಬಫೆ ಬೇಡ. ಬಿಸಿ ಇಡ್ಲಿ, ಒಂದು ಬಾತ್, ಒಳ್ಳೆಯ ಫಿಲ್ಟರ್ ಕಾಫಿ ಸಾಕು.

ಹಂತ 7: ಹೊಸದಾಗಿ ಬರುತ್ತಿರುವವರಿಗೆ ಬಾಗಿಲು ತೆರೆಯಿರಿ

ಒಬ್ಬರೇ ಹೆಂಗಸು ಬಂದರೆ "ರೂಮ್ ಇಲ್ಲ" ಅನ್ನುವ ಹಳೇ ಅಭ್ಯಾಸ ಕೆಲವು ಲಾಡ್ಜ್‌ಗಳಲ್ಲಿ ಇನ್ನೂ ಇದೆ. ದಯವಿಟ್ಟು ಇವತ್ತೇ ನಿಲ್ಲಿಸಿ. ಇದು ಅವಮಾನ, ಜೊತೆಗೆ ವ್ಯಾಪಾರಕ್ಕೂ ನಷ್ಟ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಮೇಲೆ ರಾಜ್ಯದ ಹೆಣ್ಣುಮಕ್ಕಳು ಗುಂಪಾಗಿ ಓಡಾಡುವುದು ಜಾಸ್ತಿಯಾಗಿದೆ. ಪರೀಕ್ಷೆ, ಇಂಟರ್ವ್ಯೂ, ಕೆಲಸಕ್ಕೆ ಒಬ್ಬೊಬ್ಬರೇ ಬರುವವರೂ ಇದ್ದಾರೆ. ರಿಸೆಪ್ಷನ್‌ನಲ್ಲಿ ಹಗಲಾದರೂ ಒಬ್ಬ ಮಹಿಳೆ ಇರಲಿ. ಒಳಚಿಲಕ ಗಟ್ಟಿ ಇರಲಿ, ಬಾಗಿಲಲ್ಲಿ ನೋಡುವ ರಂಧ್ರ ಇರಲಿ. ರೂಮ್ ನಂಬರನ್ನು ಎಲ್ಲರ ಮುಂದೆ ಜೋರಾಗಿ ಕೂಗಬೇಡಿ, ಕಾರ್ಡಿನಲ್ಲಿ ಬರೆದು ಕೊಡಿ. ಫೋನ್ ಮಾಡದೆ ರೂಮ್ ಬಾಯ್ ಬಾಗಿಲು ತಟ್ಟಬಾರದು. ಒಬ್ಬರು ಸಮಾಧಾನವಾಗಿ ಉಳಿದರೆ ತಮ್ಮ ಆಫೀಸಿನ ಗೆಳತಿಯರಿಗೆಲ್ಲ ನಿಮ್ಮ ಹೆಸರು ಹೇಳುತ್ತಾರೆ.

ಎಲೆಕ್ಟ್ರಿಕ್ ಕಾರಿನವರಿಗೆ ದುಬಾರಿ ಚಾರ್ಜರ್ ಬೇಕೇ ಬೇಕು ಅಂತಿಲ್ಲ. ಪಾರ್ಕಿಂಗ್‌ನಲ್ಲಿ ಸರಿಯಾದ ಅರ್ತಿಂಗ್ ಇರುವ 15 ಆಂಪ್ ಸಾಕೆಟ್, ಬೇರೆ ಮೀಟರ್ ಇದ್ದರೆ ರಾತ್ರಿ ಬೆಳಗಾಗುವಷ್ಟರಲ್ಲಿ ಊಟಿ ಘಾಟ್ ಹತ್ತಲು ಬೇಕಾದಷ್ಟು ಚಾರ್ಜ್ ಆಗುತ್ತದೆ. ಗೂಗಲ್ ಪ್ರೊಫೈಲ್‌ನಲ್ಲಿ ಇದನ್ನು ಬರೆಯಲು ಮರೆಯಬೇಡಿ.

ವಾರಗಟ್ಟಲೆ ಇರುವವರಿಗೆ ಮೇಜು, ಗಟ್ಟಿ ಕುರ್ಚಿ, ಬಟ್ಟೆ ಒಗೆಯುವ ವ್ಯವಸ್ಥೆ, ವಾರದ ರೇಟ್. ಅಷ್ಟು ಸಾಕು.

ಹಂತ 8: ಕೆಲಸದವರು ಉಳಿದರೆ ಅತಿಥಿಗಳೂ ಉಳಿಯುತ್ತಾರೆ

ಹಳೆಯ ಅತಿಥಿ ಎರಡನೇ ಸಲ ಬಂದಾಗ "ಬನ್ನಿ ಸಾರ್, ಅಮ್ಮ ಹೇಗಿದ್ದಾರೆ? ಮಂಡಿ ನೋವು ಕಡಿಮೆ ಆಯ್ತಾ?" ಅಂತ ಕೇಳುವವರು ರಿಸೆಪ್ಷನ್‌ನಲ್ಲಿ ಇರಬೇಕು. ಮೂರು ತಿಂಗಳಿಗೊಮ್ಮೆ ಹುಡುಗರು ಬದಲಾಗುತ್ತಿದ್ದರೆ ಈ ಮಾತು ಯಾರು ಆಡುತ್ತಾರೆ? ರೂಮ್ ಬಾಯ್‌ಗಳು ಮಲಗುವ ಜಾಗ ನೋಡಿ. ಮೆಟ್ಟಿಲ ಕೆಳಗೆ ಚಾಪೆ ಹಾಸಿ ಮಲಗುವ ಹುಡುಗನಿಂದ ನಗುಮುಖ ನಿರೀಕ್ಷಿಸುವುದು ನ್ಯಾಯವಲ್ಲ. ಸರಿಯಾದ ದಿನಕ್ಕೆ ಸಂಬಳ, ವಾರದ ರಜೆ, ಮಲಗಲು ಮಂಚ, ದಸರಾ ಮುಗಿದ ಮೇಲೆ ಬೋನಸ್ ಕೊಡಿ.

ಅವರಿಗೆ ಸ್ವಲ್ಪ ಅಧಿಕಾರವನ್ನೂ ಕೊಡಿ. 300 ರೂಪಾಯಿ ಒಳಗಿನ ತೊಂದರೆಯನ್ನು ಮಾಲೀಕರನ್ನು ಕೇಳದೆ ಅವರೇ ಬಗೆಹರಿಸಲಿ. ಮಗುವಿಗೆ ಹಾಲು, ಜ್ವರ ಬಂದವರಿಗೆ ಗಂಜಿ, ಆಟೋ ಖರ್ಚು, ಇಂಥವಕ್ಕೆಲ್ಲ "ಓನರ್ ಬರ್ಲಿ" ಅನ್ನಬಾರದು.

ಹಂತ 9: ರಿವ್ಯೂ

ಕೇಳುವ ಸರಿಯಾದ ಹೊತ್ತು ಅಂದರೆ ಬಿಲ್ ಮುಗಿದು, ಬ್ಯಾಗ್ ಕಾರಿಗೆ ಹೋದಮೇಲೆ. ಖುಷಿಯಿಂದ ಇದ್ದವರನ್ನು ಬಾಯಿಮಾತಿನಲ್ಲಿ ಒಮ್ಮೆ ಕೇಳಿ, ಕ್ಯೂಆರ್ ಕೋಡ್ ತೋರಿಸಿ. "ಐದು ಸ್ಟಾರ್ ಕೊಟ್ಟರೆ ಡಿಸ್ಕೌಂಟ್" ಬೇಡ. ಅದು ಗೂಗಲ್ ನಿಯಮಕ್ಕೂ ವಿರುದ್ಧ. ದುಡ್ಡು ಕೊಟ್ಟು ಬರೆಸಿದ ರಿವ್ಯೂಗಳು ಓದುವವರಿಗೆ ಗೊತ್ತಾಗುತ್ತವೆ.

ಕೆಟ್ಟ ರಿವ್ಯೂಗೆ ಕೋಪ ಆರಿದ ಮೇಲೆ, ಆದರೆ ಎರಡು ದಿನದೊಳಗೆ ಉತ್ತರ ಬರೆಯಿರಿ. ಏನು ತಪ್ಪಾಯಿತು, ಏನು ಸರಿಮಾಡಿದ್ದೀರಿ ಅಷ್ಟೇ. ಅವರು ಕನ್ನಡದಲ್ಲಿ ಬರೆದಿದ್ದರೆ ಕನ್ನಡದಲ್ಲೇ ಉತ್ತರಿಸಿ. ನಿಮ್ಮ ಉತ್ತರ ಓದುವವರು ಮುಂದೆ ಬರಲಿರುವ ಅತಿಥಿಗಳು.

ಹಂತ 10: ನೇರವಾಗಿ ಬರುವಂತೆ ಮಾಡಿ

ಹೊರಡುವಾಗ ಒಂದು ಕಾರ್ಡ್ ಕೊಡಿ. ಅದರಲ್ಲಿ ವಾಟ್ಸ್‌ಆಪ್ ನಂಬರ್, ಮತ್ತು ನೇರ ಬುಕಿಂಗ್‌ಗೆ ಏನು ಸಿಗುತ್ತದೆ ಅನ್ನುವುದು ಇರಲಿ. ಬರೀ ಡಿಸ್ಕೌಂಟ್‌ಗಿಂತ ಸಮಯದ ಅನುಕೂಲವನ್ನು ಜನ ಜಾಸ್ತಿ ಇಷ್ಟಪಡುತ್ತಾರೆ. ನಮ್ಮ ಲಾಡ್ಜ್‌ಗಳ ಹಳೆಯ 24 ಗಂಟೆ ಚೆಕ್-ಔಟ್ ಪದ್ಧತಿ ದೊಡ್ಡ ಹೋಟೆಲ್‌ಗಳಲ್ಲಿ ಇಲ್ಲ. ರೂಮ್ ಖಾಲಿ ಇರುವ ವಾರದ ದಿನಗಳಲ್ಲಿ, ನೇರ ಬುಕ್ ಮಾಡಿದವರಿಗೆ ಅದನ್ನೇ ಕೊಡಿ. ರಾತ್ರಿ 9ಕ್ಕೆ ಬಂದವರು ಮರುದಿನ ಇಡೀ ಊರು ಸುತ್ತಿ, ಸ್ನಾನ ಮಾಡಿ ಹೊರಡಬಹುದು.

ಆಪ್‌ಗಿಂತ ಕಡಿಮೆ ರೇಟ್‌ಗೆ ಕೊಡಬಾರದು ಅಂತ ಒಪ್ಪಂದದಲ್ಲಿ ಇದೆಯಾ, ಓದಿ ನೋಡಿ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಮೇಕ್‌ಮೈಟ್ರಿಪ್–ಗೋಐಬಿಬೋಗೆ 223.48 ಕೋಟಿ ರೂಪಾಯಿ ದಂಡ ಹಾಕಿ, ಹೋಟೆಲ್‌ಗಳ ಮೇಲೆ ಹೇರಿದ ಇಂಥ ಷರತ್ತುಗಳನ್ನು ತೆಗೆಯಲು ಹೇಳಿತ್ತು. ನಿಮ್ಮ ಹಳೇ ಒಪ್ಪಂದದಲ್ಲಿ ಆ ಸಾಲು ಇನ್ನೂ ಇದ್ದರೆ ತಿದ್ದಿಸಿಕೊಳ್ಳಿ.

ದಸರಾ ರೇಟನ್ನು ಮೂರು ತಿಂಗಳ ಮೊದಲೇ ನಿಗದಿ ಮಾಡಿ, ಮೊದಲು ಹಳೆಯ ಅತಿಥಿಗಳಿಗೆ ಕಳಿಸಿ. ಸೀಸನ್‌ನಲ್ಲಿ ರೇಟ್ ಏರಿಸುವುದು ಸಹಜ. ಆದರೆ ವರ್ಷಕ್ಕೆ ಎರಡು ಸಲ ಬರುವವರಿಗೂ ನಾಲ್ಕು ಪಟ್ಟು ಹೇಳಿದರೆ ಅವರು ಮತ್ತೆ ಬರುವುದಿಲ್ಲ. ಯುಪಿಐನಲ್ಲಿ ಅಡ್ವಾನ್ಸ್ ತೆಗೆದುಕೊಳ್ಳಿ, ರದ್ದಾದರೆ ಎಷ್ಟು ವಾಪಸ್ ಅನ್ನುವುದನ್ನು ಅದೇ ಮೆಸೇಜ್‌ನಲ್ಲಿ ಬರೆಯಿರಿ. ಉಳಿದಂತೆ ವರ್ಷಕ್ಕೆ ಮೂರು, ನಾಲ್ಕು ಮೆಸೇಜ್ ಸಾಕು, ಅದೂ ಅವರು ಒಪ್ಪಿದ್ದರೆ ಮಾತ್ರ. ದಿನಾ ಶುಭೋದಯ ಕಳಿಸಿದರೆ ಬ್ಲಾಕ್ ಮಾಡುತ್ತಾರೆ.

ಹಂತ 11: ಬರುವುದು ನಿಲ್ಲಿಸಿದವರಿಗೆ ಫೋನ್ ಮಾಡಿ

ತಿಂಗಳ ಕೊನೆಗೆ ಎರಡು ಲೆಕ್ಕ ಬರೆದಿಡಿ: ಒಟ್ಟು ಬುಕಿಂಗ್‌ನಲ್ಲಿ ನೇರವಾಗಿ ಬಂದದ್ದು ಎಷ್ಟು, ಹಳಬರು ಎಷ್ಟು. 20 ರೂಮಿನ ಲಾಡ್ಜ್‌ಗೆ ತಿಂಗಳಿಗೆ (30 ದಿನಕ್ಕೆ) 600 ರೂಮ್-ರಾತ್ರಿ. ಅದರಲ್ಲಿ 390 ಹೋದರೆ ಶೇ 65. ಆ 390ರಲ್ಲಿ ನೇರ ಬುಕಿಂಗ್ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಏರುತ್ತಿದ್ದರೆ ನೀವು ಸರಿದಾರಿಯಲ್ಲಿದ್ದೀರಿ.

ಜೊತೆಗೆ ರಿಜಿಸ್ಟರ್ ನೋಡಿ, ಮೊದಲು ಬರುತ್ತಿದ್ದು ಈಗ ಒಂದು ವರ್ಷದಿಂದ ಬರದವರ ಹೆಸರು ತೆಗೆಯಿರಿ. ಮಾಲೀಕರೇ ಫೋನ್ ಮಾಡಿ. ಏನನ್ನೂ ಮಾರಲು ಹೋಗಬೇಡಿ. "ಸಾರ್, ಬಹಳ ದಿನ ಆಯ್ತು ನೀವು ಬಂದು. ನಮ್ಮ ಕಡೆಯಿಂದ ಏನಾದರೂ ತೊಂದರೆ ಆಗಿತ್ತಾ?" ಅಂತ ಕೇಳಿ, ಸುಮ್ಮನಿದ್ದು ಕೇಳಿಸಿಕೊಳ್ಳಿ. ಕೆಲವರು ಊರು ಬದಲಿಸಿರುತ್ತಾರೆ. ಕೆಲವರು ಪಾರ್ಕಿಂಗ್ ಸಿಗಲಿಲ್ಲ ಅನ್ನುತ್ತಾರೆ, ಒಬ್ಬರು ರಾತ್ರಿ ಕಾವಲುಗಾರ ಗದರಿದ ಅನ್ನಬಹುದು. ಅವರು ಹೇಳಿದ ಮಾತನ್ನು ಅವರ ಹೆಸರಿನ ಮುಂದೆಯೇ ಬರೆದುಕೊಳ್ಳಿ. ಸರಿಮಾಡಿದ ದಿನ ಮತ್ತೆ ಅವರಿಗೇ ಫೋನ್ ಮಾಡಿ ತಿಳಿಸಿ.